ಇಳಕಲ್‌ನಲ್ಲಿ ಇಷ್ಟು ಒಳ್ಳೆ ನೇಕಾರರಿದ್ದರೂ ಸ್ವಂತ ವ್ಯಾಪಾರಕ್ಕೆ ಇಳಿಯುವವರು ಯಾಕೆ ಕಡಿಮೆ? ಧೈರ್ಯ ಸಾಲದಾ?

ಧೈರ್ಯದ ಮಾತಲ್ಲ, ಲೆಕ್ಕಾಚಾರದ ಮಾತು.

ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು. ಕೂತಲ್ಲೇ ಕೂತು ಮಾಡುವ ಕೆಲಸ, ಮನೆಯವರೆಲ್ಲ ಕೈಜೋಡಿಸಬೇಕು. ಸ್ವಂತಕ್ಕೆ ನೇಯಬೇಕಂದ್ರೆ ನೂಲು, ರೇಷ್ಮೆಗೆ ಮೊದಲೇ ದುಡ್ಡು ಹಾಕಬೇಕು. ಸೀರೆ ಮಾರಿದ ಮೇಲಷ್ಟೇ ಅದು ವಾಪಸ್.

ಸಾವ್ಕಾರನ ಹತ್ತಿರ ನೇಯ್ದರೆ ನೂಲು ಅವನದೇ, ಮಾರುವ ತಲೆನೋವೂ ಅವನದೇ, ಮಜೂರಿ ಮಾತ್ರ ನಮ್ಮದು. ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ಬೇಕಾದ್ರೂ ಅವನೇ ಕೊಡ್ತಾನೆ, ಕಾಗದಪತ್ರ ಕೇಳಲ್ಲ. ಆ ಮುಂಗಡ ತೀರುವ ತನಕ ಬೇರೆಯವರಿಗೆ ನೇಯೋದು ಕಷ್ಟ. ಬಿಟ್ಟು ಹೋದರೆ ಓಣಿಯಲ್ಲಿ ಮಾತು ಬೇರೆ ಬರುತ್ತೆ.

2015ರಿಂದ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬ್ಯಾಂಕು ಕೊಡುವ ಮುದ್ರಾ ಸಾಲವಿದೆ, ಅಡಮಾನ ಬೇಡ. ಆದರೆ ಸೀರೆ ಹೋಗಲಿ ಬಿಡಲಿ, ಕಂತು ಕಟ್ಟಲೇಬೇಕು, ಅಲ್ವಾ? ಸಾವ್ಕಾರ ಒಂದು ಹಬ್ಬ ಕಾಯ್ತಾನೆ, ಬ್ಯಾಂಕು ಕಾಯಲ್ಲ. ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಸೀರೆಯ ಹೆಸರನ್ನು ಕಾಪಾಡುತ್ತೆ ನಿಜ, ಆದರೆ ನೂಲು ತಂದುಕೊಡಲ್ಲ.

ನನ್ನ ಪ್ರಕಾರ ಸಾಲಕ್ಕಿಂತ ನೂಲನ್ನೇ ಉದ್ರಿ ಕೊಡುವ, ಸೀರೆ ಕೊಳ್ಳುವ ಸಹಕಾರ ಸಂಘ ಗಟ್ಟಿಯಾಗಿದ್ದರೆ ಈ ಲೆಕ್ಕ ಬದಲಾಗುತ್ತೆ.