ಲಾಂಗ್‌ಬೋರ್ಡ್‌ನ ಟ್ರಕ್ ಕಿರಿದಾದರೆ ತಿರುವು ಚುರುಕಾಗುವುದೇ?

ಪ್ರಶ್ನೆ: ನನ್ನ ಲಾಂಗ್‌ಬೋರ್ಡ್‌ನ (ಉದ್ದನೆಯ ಸ್ಕೇಟ್‌ಬೋರ್ಡ್) ಡೆಕ್, ಅಂದರೆ ನಿಲ್ಲುವ ಹಲಗೆ, 9 ಇಂಚು ಅಗಲವಿದೆ. ಡೆಕ್‌ನ ಅಡಿಗೆ ನೇರವಾಗಿ ಬಿಗಿದಿರುವ ಟ್ರಕ್‌ಗಳು (ಚಕ್ರಗಳನ್ನು ಹೊತ್ತ ಲೋಹದ ಜೋಡಣೆಗಳು) 180 ಮಿ.ಮೀ. ಅಳತೆಯವು. ಬಡಾವಣೆಯ ರಸ್ತೆಗಳಲ್ಲಿ ಓಡಿಸುವಾಗ ಬೋರ್ಡ್ ಮಂದವಾಗಿ ತಿರುಗುತ್ತದೆ ಎನಿಸುತ್ತದೆ. 150 ಮಿ.ಮೀ. ಟ್ರಕ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇಳಿಜಾರಿನಲ್ಲಿ ಅದು ಓಲಾಡೀತೆಂಬ ಭಯ ನನಗಿದೆ. ನನ್ನ ತೂಕ 58 ಕಿಲೊ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಗೆಳೆಯರ ಮಾತು ಅರ್ಧ ಮಾತ್ರ ನಿಜ. ಡೆಕ್ ಇಷ್ಟು ವಾಲಿದಾಗ ಆಕ್ಸಲ್ (ಚಕ್ರಗಳ ಅಚ್ಚು) ಎಷ್ಟು ತಿರುಗಬೇಕೆಂಬುದನ್ನು ನಿರ್ಧರಿಸುವುದು ಅದನ್ನು ಹಿಡಿದಿರುವ ಅಡ್ಡಭಾಗವಾದ ಹ್ಯಾಂಗರ್ ಯಾವ ಓರೆಯಲ್ಲಿ ಹೊರಳುತ್ತದೆ ಎಂಬುದು, ಅಂದರೆ ಟ್ರಕ್ಕನ್ನು ಡೆಕ್‌ಗೆ ಬಿಗಿಯುವ ಬೇಸ್‌ಪ್ಲೇಟ್‌ನ ಕೋನ. ಲಾಂಗ್‌ಬೋರ್ಡ್‌ಗಳಲ್ಲಿ 50 ಡಿಗ್ರಿಯ ಬೇಸ್‌ಪ್ಲೇಟ್ ಸಾಮಾನ್ಯ. 44 ಡಿಗ್ರಿಯದನ್ನು ಹಾಕಿದರೆ ಅಷ್ಟೇ ವಾಲಿಕೆಗೆ ಆಕ್ಸಲ್ ಕಡಿಮೆ ತಿರುಗುತ್ತದೆ. ತಿರುವಿನ ವೃತ್ತ ಎಷ್ಟು ದೊಡ್ಡದೆಂಬುದು ಈ ಕೋನವನ್ನೂ ಎರಡು ಟ್ರಕ್‌ಗಳ ನಡುವಿನ ದೂರವನ್ನೂ ಅವಲಂಬಿಸಿದೆ. ಆ ಲೆಕ್ಕದಲ್ಲಿ ಹ್ಯಾಂಗರ್‌ನ ಅಗಲಕ್ಕೆ ಸ್ಥಾನವಿಲ್ಲ.

ಹಾಗಿದ್ದರೂ ಕಿರಿದಾದ ಟ್ರಕ್ ಚುರುಕೆನಿಸುವುದು ಬರಿಯ ಭ್ರಮೆಯಲ್ಲ. 180, 150 ಎಂಬ ಅಂಕಿಗಳು ಚಕ್ರಗಳ ನಡುವೆ ಇರುವ ಹ್ಯಾಂಗರ್‌ನ ಉದ್ದವನ್ನು ಹೇಳುತ್ತವೆಯೇ ಹೊರತು ಆಕ್ಸಲ್‌ನ ಪೂರ್ತಿ ಉದ್ದವನ್ನಲ್ಲ. (ಸಣ್ಣ ಸ್ಕೇಟ್‌ಬೋರ್ಡ್‌ಗಳ ಟ್ರಕ್‌ಗಳನ್ನು ಬಹುಮಟ್ಟಿಗೆ ಆಕ್ಸಲ್‌ನ ಇಂಚುಗಳ ಲೆಕ್ಕದಲ್ಲಿ ಮಾರುತ್ತಾರೆ, ಕೊಳ್ಳುವಾಗ ಎರಡನ್ನೂ ಬೆರೆಸಬೇಡಿ.) ಚಕ್ರ 50 ಮಿ.ಮೀ. ದಪ್ಪವಿದೆಯೆಂದುಕೊಂಡರೆ ಅದರ ನಡುಭಾಗವು 180ರ ಟ್ರಕ್‌ನಲ್ಲಿ ಮಧ್ಯರೇಖೆಯಿಂದ 115 ಮಿ.ಮೀ., 150ರಲ್ಲಿ 100 ಮಿ.ಮೀ. ದೂರದಲ್ಲಿರುತ್ತದೆ. ಆಕ್ಸಲ್ 10 ಡಿಗ್ರಿ ತಿರುಗಬೇಕಾದರೆ ಮೊದಲನೆಯದರಲ್ಲಿ ಒಂದೊಂದು ಚಕ್ರವೂ ಸುಮಾರು 20 ಮಿ.ಮೀ. ಹಿಂದೆ ಅಥವಾ ಮುಂದೆ ಸರಿಯಬೇಕು. ಎರಡನೆಯದರಲ್ಲಿ 17 ಮಿ.ಮೀ. ಸಾಕು. ತಿರುವು ಅಷ್ಟೇ ಆದರೂ ಚಕ್ರಗಳು ಸರಿಯಬೇಕಾದ ದೂರ ಕಡಿಮೆಯಾಗುವುದರಿಂದ, ಎಡಕ್ಕೂ ಬಲಕ್ಕೂ ಬೇಗ ಬೇಗ ಹೊರಳಿಸುವವರಿಗೆ ಬೋರ್ಡ್ ಹಗುರವಾಗಿ ತೋರುತ್ತದೆ.

ಇನ್ನು ನಿಮ್ಮ ಭಯದ ವಿಷಯ. ಅಗಲವಾದ ಟ್ರಕ್ ಎಲ್ಲ ರೀತಿಯಲ್ಲೂ ಹೆಚ್ಚು ಸ್ಥಿರವೆಂಬ ನಂಬಿಕೆ ವ್ಯಾಪಕವಾಗಿದ್ದರೂ ನಾನು ಅದನ್ನು ಪೂರ್ತಿ ಒಪ್ಪಲಾರೆ. ಪಕ್ಕಕ್ಕೆ ಮಗುಚದಂತೆ ಕಾಯುವುದರಲ್ಲಿ ಅಗಲಕ್ಕೆ ಮೇಲುಗೈಯಿದೆ. ಪಾದದ ಒತ್ತಡವು ಚಕ್ರದ ಹೊರಅಂಚನ್ನು ದಾಟಿದರೆ ಎದುರು ಬದಿಯ ಚಕ್ರ ನೆಲ ಬಿಟ್ಟು ಏಳುತ್ತದೆ, ಅಗಲವಾದ ಟ್ರಕ್‌ನಲ್ಲಿ ಆ ಅಂಚು ದೂರವಿರುತ್ತದೆ. ಆದರೆ ಎತ್ತಿನ ಗಾಡಿಯ ಒಂದು ಗಾಲಿ ಕಲ್ಲಿಗೆ ತಗುಲಿದಾಗ ಮೂಕಿಯು ಪಕ್ಕಕ್ಕೆ ಹೊಡೆಯುವುದನ್ನು ಕಂಡವರಿಗೆ ಇನ್ನೊಂದು ಮುಖವೂ ಅರ್ಥವಾದೀತು: ಚಕ್ರವು ಮಧ್ಯದಿಂದ ದೂರವಿದ್ದಷ್ಟೂ ರಸ್ತೆಯ ಕಲ್ಲು, ಬಿರುಕುಗಳ ಏಟು ಆಕ್ಸಲ್ಲನ್ನು ಹೆಚ್ಚು ಬಲವಾಗಿ ತಿರುಗಿಸುತ್ತದೆ. ಬೆಟ್ಟದ ರಸ್ತೆಗಳಲ್ಲಿ ವೇಗವಾಗಿ ಇಳಿಯುವ ಸ್ಪರ್ಧಿಗಳಲ್ಲಿ ಅನೇಕರು ಈಗ 150ಕ್ಕಿಂತಲೂ ಕಿರಿದಾದ ಟ್ರಕ್‌ಗಳನ್ನು ಬಳಸುವುದಕ್ಕೆ, ಹಿಂದಿನ ಟ್ರಕ್ಕಿಗೆ ಮುಂದಿನದಕ್ಕಿಂತ ಕಡಿಮೆ ಕೋನವನ್ನು ಕೊಡುವುದಕ್ಕೆ ಇಂಥ ಕಾರಣಗಳೇ ಇವೆ. ಇಳಿಜಾರಿನ ಓಲಾಟಕ್ಕೆ ಹಿಂದಿನ ಟ್ರಕ್ ಅತಿಯಾಗಿ ತಿರುಗುವುದು, ಸವೆದ ಅಥವಾ ತೀರ ಮೆತ್ತನೆಯ ಬುಷ್ (ಹ್ಯಾಂಗರ್ ಹೊರಳುವಾಗ ಅದುಮಿಕೊಳ್ಳುವ ಮೆತ್ತೆ), ಹಿಂಗಾಲಿನ ಮೇಲೆ ಬಿದ್ದ ಭಾರ ಇವು ಅಗಲಕ್ಕಿಂತ ದೊಡ್ಡ ಕಾರಣಗಳು.

ನಿಮ್ಮ ಡೆಕ್‌ನ ಅಂಚು ಮಧ್ಯರೇಖೆಯಿಂದ 114 ಮಿ.ಮೀ. ದೂರದಲ್ಲಿದೆ. 180ರಲ್ಲಿ ಅದು ಚಕ್ರದ ನಡುಭಾಗಕ್ಕೆ ಬರುವುದರಿಂದ ಚಕ್ರದ ಅರ್ಧ ಭಾಗ ಹೊರಗೆ ಚಾಚಿಕೊಂಡಿರುತ್ತದೆ. ನೆಲವನ್ನು ತಳ್ಳುವ ಕಾಲು ಹಿಂದಿನ ಚಕ್ರಕ್ಕೆ ಆಗಾಗ ತಗುಲುತ್ತಿರಲೂ ಬಹುದು. 150ರಲ್ಲಿ ಚಕ್ರದ ಹೊರಅಂಚು ಡೆಕ್‌ಗಿಂತ ಸ್ವಲ್ಪವೇ ಆಚೆಗೆ ಬರುತ್ತದೆ. 9 ಇಂಚಿನ ಡೆಕ್‌ಗೆ ಅದೇ ಒಪ್ಪುವ ಅಳತೆ. ಆದರೆ ಚಕ್ರವು ಮರದ ಅಡಿಗೆ ಹೆಚ್ಚು ಸರಿಯುವುದರಿಂದ, ಪೂರ್ತಿ ವಾಲಿದಾಗ ಡೆಕ್ ಚಕ್ರವನ್ನು ಕಚ್ಚಿ ಬೋರ್ಡ್ ಥಟ್ಟನೆ ನಿಂತುಬಿಡುವ ಅಪಾಯವನ್ನು ಲಘುವಾಗಿ ಕಾಣಬೇಡಿ. ಬೋರ್ಡ್ ಮೇಲೆ ನಿಂತು ಎರಡೂ ಬದಿಗೆ ಒತ್ತಿ ನೋಡಿ, ತಗುಲುವಂತಿದ್ದರೆ ಟ್ರಕ್ ಮತ್ತು ಡೆಕ್ ನಡುವೆ ರೈಸರ್ (ಡೆಕ್ಕನ್ನು ಎತ್ತರಿಸುವ ಬಿಲ್ಲೆ) ಇಟ್ಟು ಬಿಗಿಯಿರಿ.

ಹಣ ಖರ್ಚು ಮಾಡುವ ಮೊದಲು ಬುಷ್‌ಗಳನ್ನು ಪರೀಕ್ಷಿಸಿ ಎಂಬುದೇ ನನ್ನ ಸಲಹೆ. ಟ್ರಕ್‌ನೊಂದಿಗೆ ಬರುವ ಯುರೇಥೇನ್ ಬುಷ್ ಸಾಮಾನ್ಯವಾಗಿ 90ಎ ಆಸುಪಾಸಿನ ಗಡಸುತನದ್ದಾಗಿದ್ದು (ಅಂಕಿ ಹೆಚ್ಚಿದಷ್ಟೂ ಗಡಸು), 58 ಕಿಲೊ ತೂಕದವರ ಕಾಲಿಗೆ ಸುಲಭವಾಗಿ ಬಗ್ಗುವುದಿಲ್ಲ. ನೀವು ಹೇಳುವ ಮಂದತನಕ್ಕೆ ಬಹುಶಃ ಇದೇ ಮೂಲ. 85ಎ ಆಸುಪಾಸಿನ ಒಂದು ಜೊತೆಯನ್ನು ಹಾಕಿ, ಬುಷ್‌ಗಳ ನಡುವೆ ಹಾಯುವ ಬೋಲ್ಟಾದ ಕಿಂಗ್‌ಪಿನ್‌ನ ನಟ್ಟನ್ನು ಬುಷ್ ಉಬ್ಬುವಷ್ಟು ಬಿಗಿಯದೆ, ಸಮತಟ್ಟಾದ ರಸ್ತೆಯಲ್ಲಿ ವಾರವೊಂದು ಓಡಿಸಿ. ಆಮೇಲೂ ಕಾಲು ಚಕ್ರಕ್ಕೆ ತಗುಲುತ್ತಿದ್ದರೆ ಅಥವಾ ಹೊರಳಿಕೆ ನಿಧಾನವೆನಿಸಿದರೆ 150 ಮಿ.ಮೀ. ಟ್ರಕ್‌ಗಳನ್ನು ಕೊಳ್ಳಿ. ಈಗಿರುವ ಕೋನದ ಬೇಸ್‌ಪ್ಲೇಟ್‌ನವನ್ನೇ ಕೇಳಿ ಪಡೆಯಿರಿ. ಕೋನವೂ ಬದಲಾದರೆ ಯಾವುದರಿಂದ ಏನಾಯಿತೆಂದು ನಿಮಗೆ ತಿಳಿಯುವುದಿಲ್ಲ.