ಹಾಲಿನ ಪ್ರೋತ್ಸಾಹಧನ ಪಕ್ಕದ ಮನೆಗೆ ಬಂತು, ನಮಗೆ ಯಾಕಿಲ್ಲ?

ಪ್ರಶ್ನೆ: ನಮ್ಮದು ನಾಗಮಂಗಲ ತಾಲ್ಲೂಕಿನ ಹಳ್ಳಿ. ಎರಡು ಹಸು ಇವೆ, ದಿನಾ ಡೇರಿಗೆ ಹಾಲು ಹಾಕುತ್ತೇನೆ. ಬಟವಾಡೆ ಸರಿಯಾಗಿ ಬರುತ್ತದೆ, ಸರ್ಕಾರದ ಐದು ರೂಪಾಯಿ ಮಾತ್ರ ಬಂದು ತಿಂಗಳುಗಳೇ ಆದವು. ಪಕ್ಕದ ಮನೆಯವರಿಗೆ ಬಂದಿದೆ. ಡೇರಿಯಲ್ಲಿ ಕೇಳಿದರೆ ‘ಮೇಲಿಂದ ಬಂದಿಲ್ಲ’ ಅಂತಾರೆ.

ಉತ್ತರ: ಅಕ್ಕಾ, ಆ ಮಾತು ಕೆಲವೊಮ್ಮೆ ನಿಜ. ಬಟವಾಡೆ ದುಡ್ಡು ಹಾಲು ಒಕ್ಕೂಟದ್ದು, ನಿಮ್ಮ ಕಡೆ ಮಂಡ್ಯದ ಒಕ್ಕೂಟವಾದ ಮನ್‌ಮುಲ್‌ನದು. ಪ್ರೋತ್ಸಾಹಧನ ಹಾಗಲ್ಲ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಈಗ 5 ರೂಪಾಯಿ ಆಗಿರುವ ಈ ಹಣ ರಾಜ್ಯ ಸರ್ಕಾರದ್ದು, ಸರ್ಕಾರ ಬಿಡುಗಡೆ ಮಾಡಿದಾಗ ಮಾತ್ರ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಹಣ ಬಜೆಟ್ಟಿನ ಬೇರೆ ಲೆಕ್ಕದಿಂದ ಬರುವುದರಿಂದ ಒಂದೇ ಬೀದಿಯ ಎರಡು ಮನೆಗೆ ಬೇರೆ ಬೇರೆ ತಿಂಗಳಲ್ಲಿ ಬೀಳಬಹುದು. ಹಿಂಡಿ, ಬೂಸಾ ಸಾಲದಲ್ಲಿ ತರುವವರಿಗೆ ಈ ವಿಳಂಬ ದೊಡ್ಡ ಅನ್ಯಾಯ, ಅದನ್ನು ಹೇಳಲೇಬೇಕು.

ಆದರೆ ನಿಮ್ಮದೇ ವರ್ಗದ ಬೇರೆಯವರಿಗೆಲ್ಲ ಬಂದು ನಿಮಗೊಬ್ಬರಿಗೇ ಇಲ್ಲ ಅಂದರೆ ತೊಡಕು ಖಾತೆಯಲ್ಲೇ ಇರುವುದು ಜಾಸ್ತಿ. ಈ ದುಡ್ಡು ನೀವು ಡೇರಿಗೆ ಕೊಟ್ಟ ಪಾಸ್‌ಬುಕ್ ನೋಡಿಕೊಂಡು ಬರುವುದಿಲ್ಲ, ಆಧಾರ್‌ಗೆ ಕೊನೆಯಲ್ಲಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೋ ಗ್ಯಾಸ್ ಸಬ್ಸಿಡಿಗೋ ಅಂತ ಯಾವಾಗಲೋ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಅಲ್ಲಿ ಆಧಾರ್ ಕೊಟ್ಟು, ಆಮೇಲೆ ಮರೆತೇಬಿಟ್ಟಿರುತ್ತೀರಿ, ಹಣ ಸುಮ್ನೆ ಅಲ್ಲಿ ಹೋಗಿ ಕೂತಿರುತ್ತದೆ. ಮಗನೋ ಮಗಳೋ ಮೊಬೈಲಿನಲ್ಲಿ ‘ಡಿಬಿಟಿ ಕರ್ನಾಟಕ’ ಆಪ್ ಹಾಕಿ, ಆಧಾರ್ ನಂಬರ್ ಕೊಟ್ಟು ಒಟಿಪಿ ಹಾಕಿದರೆ ಯಾವ ಹಣ ಬಂದಿದೆ, ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆ ಎರಡೂ ಕಾಣುತ್ತದೆ. ಇದನ್ನು ನೋಡದೆ ಯಾವ ಕಚೇರಿಗೂ ಅಲೆಯಬೇಡಿ. ಎರಡು ವರ್ಷ ವ್ಯವಹಾರವೇ ನಡೆಸದ ಖಾತೆ ನಿಷ್ಕ್ರಿಯ ಆಗಿರುತ್ತದೆ, ಆಧಾರ್ ಹಿಡಿದು ಬ್ಯಾಂಕಿಗೆ ಹೋಗಿ ಮತ್ತೆ ಕೆವೈಸಿ ಮಾಡಿಸಬೇಕು.

ಇನ್ನೊಂದು ವಿಷಯ. ಡೇರಿಯಲ್ಲಿ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಬೆಳಿಗ್ಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನ್ ಹೊತ್ತು ಹೋಗುವವರು ನೀವು. ಪುಸ್ತಕದಲ್ಲಿ ಹೆಸರು ಮಾವನದ್ದೋ ಗಂಡನದ್ದೋ ಇದ್ದರೆ ಹಣವೂ ಅವರಿಗೇ ಹೋಗುತ್ತದೆ. ಸದಸ್ಯರು ತೀರಿಕೊಂಡಿದ್ದರಂತೂ ಡೇರಿ ಸಂಘಕ್ಕೆ ಮರಣ ಪ್ರಮಾಣಪತ್ರ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸುವುದನ್ನು ಮುಂದೂಡಲೇಬೇಡಿ. ನನ್ನ ಪ್ರಕಾರ ಹಸು ಸಾಕುವವರ ಹೆಸರಿನಲ್ಲೇ ಸದಸ್ಯತ್ವ ಇರಬೇಕು.

ಪ್ರಶ್ನೆ: ಎಚ್.ಡಿ.ಕೋಟೆ ಹಿಂದುಳಿದ ತಾಲ್ಲೂಕು, ಕುರಿ ಸಾಕಣೆಗೆ ಅರ್ಧ ದುಡ್ಡು ಸರ್ಕಾರವೇ ಕೊಡುತ್ತದೆ, ಫೈಲ್ ಮಾಡಿಸಲು ಐದು ಸಾವಿರ ಕೊಡಿ ಅಂತ ಒಬ್ಬರು ಕೇಳುತ್ತಿದ್ದಾರೆ. ನನಗೆ ಇಪ್ಪತ್ತು ಕುರಿ ಸಾಕು.

ಉತ್ತರ: ಕೊಡಬೇಡಿ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿದ್ದು ನಿಜ. ಆದರೆ ಆ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರಿದೆ ಅಂದ ಮಾತ್ರಕ್ಕೆ ಯಾರಿಗೂ ಕುರಿ ಸಬ್ಸಿಡಿ ಬರುವುದಿಲ್ಲ. ಅವರು ಹೇಳುತ್ತಿರುವುದು ರಾಷ್ಟ್ರೀಯ ಜಾನುವಾರು ಮಿಷನ್ ಇರಬೇಕು. ಅದರಲ್ಲಿ ಶೇ 50 ಸಹಾಯಧನ ಇದೆ, ಆದರೆ ಶುರುವಾಗುವುದೇ 100 ಕುರಿ, 5 ಟಗರಿನಿಂದ. ಆ ಘಟಕಕ್ಕೆ ಗರಿಷ್ಠ 10 ಲಕ್ಷ, ಅದೂ ಎರಡು ಕಂತಿನಲ್ಲಿ. ಉಳಿದದ್ದಕ್ಕೆ ಬ್ಯಾಂಕ್ ಸಾಲವೋ ಸ್ವಂತ ದುಡ್ಡೋ ಬೇಕು. ಇಪ್ಪತ್ತು ಕುರಿಯವರಿಗೆ ಅದು ಹೊಂದುವುದಿಲ್ಲ.

ನಿಮ್ಮಂಥವರು ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಯೋಜನೆಗಳನ್ನು ವಿಚಾರಿಸಬೇಕು. ಹಿಂದೆ ಬಂದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ 20 ಕುರಿ, 1 ಟಗರಿನ ಲೆಕ್ಕದ್ದೇ, ಕುರಿ ಸಾಕಣೆದಾರರ ಸಹಕಾರ ಸಂಘದ ಸದಸ್ಯರಿಗೆ. ಅರ್ಜಿ ಕರೆದಾಗ ಓಡಾಡುವುದಕ್ಕಿಂತ ಈಗಲೇ ಸಂಘಕ್ಕೆ ಸೇರಿಕೊಳ್ಳಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮಾಹಿತಿಗೆ ಯಾರೂ ದುಡ್ಡು ಕೇಳುವಂತಿಲ್ಲ.

ಪ್ರಶ್ನೆ: ಮಳವಳ್ಳಿ ಹತ್ತಿರ ನಮ್ಮ ಬಂಡೂರು ಕುರಿ ಎರಡು ಇದ್ದಕ್ಕಿದ್ದಂತೆ ಸತ್ತವು, ಹೂತುಬಿಟ್ಟೆವು. ಪರಿಹಾರ ಸಿಗುತ್ತದಾ?

ಉತ್ತರ: ಹೂತ ಮೇಲೆ ಕಷ್ಟ. ಸತ್ತ ಜಾನುವಾರಿಗೆ ಸರ್ಕಾರ ಪರಿಹಾರ ಕೊಡುವ ಅನುಗ್ರಹ ಯೋಜನೆಗೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. 2025ರ ಬಜೆಟ್ಟಿನಲ್ಲಿ ಕುರಿ, ಮೇಕೆಗೆ 7,500, ಮೂರರಿಂದ ಆರು ತಿಂಗಳ ಮರಿಗೆ 5,000, ಹಸು, ಎಮ್ಮೆ, ಎತ್ತಿಗೆ 15,000 ರೂಪಾಯಿ ಅಂತ ಏರಿಸಿದರು. ಇನ್ನು ಮುಂದೆ ಹಾಗೇನಾದರೂ ಆದರೆ ಗುಂಡಿ ತೋಡುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಉಳಿದ ಕುರಿಗಳಿಗೆ ಕಾಯಿಲೆ ಹರಡಿದೆಯಾ ಅಂತ ಈಗಲೇ ತೋರಿಸಿಕೊಳ್ಳಿ. ಪಶು ಸಂಜೀವಿನಿ ಸಹಾಯವಾಣಿ 1962.