ಪ್ರೆಸ್ ಶಾಪ್‌ನಲ್ಲಿ ಎರಡು ಬಟನ್‌ಗಳಲ್ಲಿ ಒಂದನ್ನು ಕಟ್ಟಿಹಾಕಿ ಓಡಿಸಿದರೆ ನಷ್ಟ ಎಷ್ಟು?

ಪೀಣ್ಯದ ಸಣ್ಣ ಪ್ರೆಸ್ ಶಾಪ್ ಎಂದಿದ್ದೀರಿ. ಪ್ರೆಸ್ ಇಳಿಯುವಾಗ ಎರಡೂ ಕೈ ಹೊರಗಿರಲಿ ಎಂದು ಎರಡು ಕೈಯಿಂದ ಒತ್ತಬೇಕಾದ ಬಟನ್‌ಗಳಲ್ಲಿ ಒಂದಕ್ಕೆ ಆಪರೇಟರ್‌ಗಳು ರಬ್ಬರ್‌ಬ್ಯಾಂಡ್ ಸುತ್ತುತ್ತಾರೆ, ಬೈದರೂ ಬಿಡುತ್ತಿಲ್ಲ, ಮಾಲೀಕರಿಗೆ ದುಡ್ಡಿನ ಲೆಕ್ಕದಲ್ಲಿ ಹೇಗೆ ತೋರಿಸಲಿ ಎಂಬುದು ನಿಮ್ಮ ಪ್ರಶ್ನೆ.

ನಷ್ಟ ಆಮೇಲೆ, ಮೊದಲು ಲಾಭದ ಲೆಕ್ಕ ಹಾಕಿ. ಒಂದು ಕೈ ಬಟನ್ ಒತ್ತುವಾಗ ಇನ್ನೊಂದು ಪೀಸ್ ಇಡಲು ಬಿಡುವಾಗಿರುತ್ತದೆ; ಇದರಿಂದ ಪೀಸಿಗೆ ಒಂದು ಸೆಕೆಂಡ್ ಉಳಿದರೂ 3,000 ಪೀಸಿನ ಶಿಫ್ಟ್‌ನಲ್ಲಿ 50 ನಿಮಿಷ ಉಳಿಯುತ್ತದೆ. ಪೀಸ್ ರೇಟ್ ಇದ್ದರೆ ಅದು ಆಪರೇಟರ್ ಜೇಬಿಗೆ, ಟಾರ್ಗೆಟ್ ಇದ್ದರೆ ಮಾಲೀಕರ ಜೇಬಿಗೆ. ಎರಡು ಬಟನ್ ಒತ್ತಿ ಮುಟ್ಟಲಾಗದ ಟಾರ್ಗೆಟ್ ಕೊಟ್ಟಿದ್ದರೆ ಆ ರಬ್ಬರ್‌ಬ್ಯಾಂಡನ್ನು ಅರ್ಧ ಕಟ್ಟಿದವರು ಆಫೀಸಿನವರೇ ಎಂದ ಹಾಗೆ.

ಈಗ ಖರ್ಚು. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರ ಹಿಡಿಯಿರಿ (2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ). 30 ವರ್ಷದ ಆಪರೇಟರ್, ತಿಂಗಳ ಸಂಬಳ 15,000. ಅದರ 60% ಅಂದರೆ 9,000. ಆ ವಯಸ್ಸಿನ ಗುಣಕ 207.98. ಗುಣಿಸಿದರೆ 18,71,820. ತೋರುಬೆರಳು ಪೂರ್ತಿ ಹೋದರೆ ಇದರ 14%, ಸುಮಾರು 2.62 ಲಕ್ಷ, ಹೆಬ್ಬೆರಳಾದರೆ 30%, ಸುಮಾರು 5.62 ಲಕ್ಷ. ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಜೊತೆಗೆ ಪರಿಹಾರದ ಅರ್ಧದವರೆಗೂ ದಂಡ ಬೀಳಬಹುದು.

"ಇಎಸ್‌ಐ ಇದೆಯಲ್ಲ" ಎಂದು ಮಾಲೀಕರು ಹೇಳುವುದು ಇಲ್ಲೇ. ನಿಜ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಇದರ ಬದಲು ಅಲ್ಲಿಂದಲೇ ಪರಿಹಾರ ಬರುತ್ತದೆ. ಹೆಸರೇ ಬರೆಸದ ಹೆಲ್ಪರ್‌ನ ಬೆರಳು ಹೋದರೆ ಮಾತ್ರ ಕಡೆಗೆ ವಸೂಲಿ ಮಾಲೀಕರಿಂದಲೇ. "ಅವನೇ ಗಾರ್ಡ್ (ರಕ್ಷಣೆಯ ಸಾಧನ) ತೆಗೆದ" ಎಂಬ ವಾದಕ್ಕೆ ಕಾನೂನಿನಲ್ಲಿ ಜಾಗ ಉಂಟು, ಆದರೆ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದಾಗ ಅದು ನಡೆಯದು. ಸೂಪರ್‌ವೈಸರ್ ದಿನಾ ನೋಡಿಯೂ ಸುಮ್ಮನಿದ್ದರೆ ಉಳಿದ ಕಡೆಯೂ ನಿಲ್ಲುವುದು ಕಷ್ಟ.

ಇದರ ಮೇಲೆ ನಿಂತ ಪ್ರೆಸ್, ತನಿಖೆ, ಹೊಸ ಆಪರೇಟರ್ ಕೆಡಿಸುವ ಪೀಸುಗಳು, ತಪ್ಪಿದ ಡೆಲಿವರಿ. ಅವಸರದಲ್ಲಿ ಎರಡು ಬ್ಲ್ಯಾಂಕ್ (ಒತ್ತಲು ಕತ್ತರಿಸಿಟ್ಟ ಶೀಟ್ ತುಂಡು) ಒಟ್ಟಿಗೆ ಹೋಗಿ ಪಂಚ್‌ನ ಅಂಚು ಮುರಿದರೆ ಯಾರ ಬೆರಳೂ ಹೋಗದೆಯೇ ಡೈ (ಅಚ್ಚು) ರಿಪೇರಿ ಖರ್ಚು. ಇಂಥ ಪರೋಕ್ಷ ಖರ್ಚು ನೇರ ಖರ್ಚಿನ ನಾಲ್ಕು ಪಟ್ಟು ಎಂದು 1931ರಲ್ಲಿ ಅಮೆರಿಕದ ಸುರಕ್ಷತಾ ತಜ್ಞ ಹೈನ್ರಿಚ್ ಹೇಳಿದ್ದನ್ನು ಇನ್ನೂ ಟ್ರೇನಿಂಗ್‌ಗಳಲ್ಲಿ ಒಪ್ಪಿಸುತ್ತಾರೆ. ನಾನದನ್ನು ಬಳಸುವುದಿಲ್ಲ, ನಿಮ್ಮ ಡೈ ಬಿಲ್ಲು, ನಿಮ್ಮ ಗಂಟೆಯ ದರ ಹಾಕಿ ತೋರಿಸಿದರೆ ಮಾಲೀಕರು ನಂಬುತ್ತಾರೆ.

ಸರಿಪಡಿಸುವುದಕ್ಕೆ ಮೊದಲು ಕ್ಲಚ್ ಯಾವುದು ನೋಡಿ. ಪಿನ್ ಅಥವಾ ಕೀ ಕ್ಲಚ್ ಆದರೆ ಒಮ್ಮೆ ಹಿಡಿದ ರಾಮ್ (ಮೇಲಿಂದ ಇಳಿದು ಒತ್ತುವ ಭಾಗ) ಪೂರ್ತಿ ಸುತ್ತು ಮುಗಿಸದೆ ನಿಲ್ಲದು. ಅದಕ್ಕೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ತೆರೆ) ಹಾಕಿಸಿದರೆ ದುಡ್ಡು ನೀರಿಗೆ. ಡೈ ಸುತ್ತ ಕದಲದ ಗಾರ್ಡ್ ಬೇಕು, ಶೀಟ್ ಹೋಗುವ ಸಂದು 6 ಮಿ.ಮೀ. ಮೀರಬಾರದು.

ರಾಮ್ ಮಧ್ಯದಲ್ಲೇ ನಿಲ್ಲಬಲ್ಲ ಏರ್ ಕ್ಲಚ್ ಇದ್ದರೆ ಟೂ-ಹ್ಯಾಂಡ್ ಸೇಫ್ಟಿ ರಿಲೇ ಹಾಕಿಸಿ. ಎರಡು ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಬೀಳಬೇಕು, ಮುಂದಿನ ಸ್ಟ್ರೋಕ್‌ಗೆ ಎರಡೂ ಬಿಡಬೇಕು. ಆಗ ರಬ್ಬರ್‌ಬ್ಯಾಂಡ್ ಕಟ್ಟಿದರೆ ಪ್ರೆಸ್ಸೇ ನಿಲ್ಲುತ್ತದೆ, ಬೈಯುವ ಕೆಲಸವಿಲ್ಲ. ಡೈಯಿಂದ ಬಟನ್ ಎಷ್ಟು ದೂರ ಎಂಬುದೂ ಮುಖ್ಯ: ರಾಮ್ ನಿಲ್ಲಲು 0.2 ಸೆಕೆಂಡ್ ಬೇಕಾದರೆ, ಕೈಯ ವೇಗ ಸೆಕೆಂಡಿಗೆ 1,600 ಮಿ.ಮೀ. ಹಿಡಿದು 320, ಅದಕ್ಕೆ 250 ಸೇರಿಸಿ 570 ಮಿ.ಮೀ. ಬ್ರೇಕ್ ಲೈನಿಂಗ್ ಸವೆದಂತೆ ನಿಲ್ಲುವ ಸಮಯ ಬೆಳೆಯುತ್ತದೆ, ಆಗ ಈ 570 ಸಾಲದು.

ಆ 50 ನಿಮಿಷವನ್ನು ಬೇರೆ ದಾರಿಯಲ್ಲಿ ವಾಪಸ್ ಕೊಡಿ. ಬ್ಲ್ಯಾಂಕ್ ಜಾರಿ ಬರಲು ಚ್ಯೂಟ್, ಪೀಸ್ ತಾನೇ ಏಳಲು ಎಜೆಕ್ಟರ್, ಉಳಿದದ್ದಕ್ಕೆ ಅಲ್ಯೂಮಿನಿಯಂ ಇಕ್ಕಳ (ಉಕ್ಕಿನದು ಸಿಕ್ಕಿಕೊಂಡರೆ ಡೈ ಒಡೆಯುತ್ತದೆ). ಇದು ಇಲ್ಲದೆ ಬರೀ ರಿಲೇ ಹಾಕಿಸಿದರೆ ವಾರದೊಳಗೆ ಯಾರಾದರೂ ವೈರ್ ಬೈಪಾಸ್ ಮಾಡುತ್ತಾರೆ.

ಅದಕ್ಕೇ ದಿನಾ ಶಿಫ್ಟ್ ಶುರುವಿನಲ್ಲಿ ಖಾಲಿ ಡೈ ಮೇಲೆ ಒಂದೇ ಬಟನ್ ಒತ್ತಿ ನೋಡಿ, ಆಮೇಲೆ ಇನ್ನೊಂದನ್ನೂ. ರಾಮ್ ಇಳಿದರೆ ಮೇನ್ ಸ್ವಿಚ್‌ಗೆ ಬೀಗ ಹಾಕಿ ಎಲೆಕ್ಟ್ರಿಷಿಯನ್ ಕರೆಯಿರಿ.